ಮತ್ತೆ ಮೊದಲ ತಟ್ಟೆಯಲ್ಲಿ ಕುಳಿತ ಅಕ್ಕೋರಿಗೆ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯ ಶಿಕ್ಷಕಿ. ವಯಸ್ಸು 53. ಬಹಳ ವರ್ಷ ನಲಿ-ಕಲಿ ತರಗತಿಯನ್ನೇ, ಅಂದರೆ ಕಿರಿಯ ತರಗತಿಗಳ ಮಕ್ಕಳು ಒಟ್ಟಿಗೆ ಕುಳಿತು ಕಾರ್ಡುಗಳಿಂದ ಕಲಿಯುವ ತರಗತಿಯನ್ನೇ ನೋಡಿಕೊಂಡವಳು. ಕಳೆದ ತಿಂಗಳು ಆನ್‌ಲೈನ್ ತರಬೇತಿಯಲ್ಲಿ ನನ್ನ ಪಾಠಯೋಜನೆ ತೋರಿಸಬೇಕಿತ್ತು. ಮೊಬೈಲಿನ ಪರದೆ ಹಂಚಿಕೊಂಡ ಕೂಡಲೇ ಮಗಳ ವಾಟ್ಸ್‌ಆ್ಯಪ್ ಸಂದೇಶಗಳು, ಮನೆಯೊಳಗಿನ ಮಾತುಗಳು, ನಲವತ್ತು ಜನರ ಮುಂದೆ ಒಂದರ ಹಿಂದೊಂದು ಬಂದವು. ಯಾರೋ ನಕ್ಕರು. ಅಂದಿನಿಂದ ಮೀಟಿಂಗ್ ಲಿಂಕ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದ ಕೋರ್ಸ್, ಮಕ್ಕಳ ದಾಖಲೆ ಇಡುವ ಸ್ಯಾಟ್ಸ್ ತಂತ್ರಾಂಶದ ನಮೂದು ಎಲ್ಲವನ್ನೂ ನಮ್ಮ ಶಾಲೆಯ ಕಿರಿಯ ಶಿಕ್ಷಕರೇ ನನ್ನ ಪಾಸ್‌ವರ್ಡ್ ಬಳಸಿ ಮುಗಿಸಿಕೊಡುತ್ತಾರೆ. ಪ್ರಮಾಣಪತ್ರ ನನ್ನ ಹೆಸರಿಗೆ ಬರುತ್ತದೆ. ಅದನ್ನು ನೋಡಲು ನಾಚಿಕೆ. ‘ಇನ್ನು ಏಳು ವರ್ಷ, ಹೇಗೋ ತಳ್ಳು’ ಎನ್ನುತ್ತಾರೆ ಯಜಮಾನರು. ನನಗೆ ಸ್ವಯಂ ನಿವೃತ್ತಿ ಪಡೆಯೋಣವೆನಿಸುತ್ತಿದೆ.

ಉತ್ತರ: ಅಕ್ಕೋರೆ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ನಗು. ನಿಮ್ಮ ತರಗತಿಯಲ್ಲಿ ಮಗುವೊಂದು ತಪ್ಪು ಓದಿದಾಗ ಉಳಿದವರು ನಕ್ಕರೆ ನೀವು ಸುಮ್ಮನಿರುತ್ತಿರಲಿಲ್ಲ. ಅಂದು ಆ ಸಭೆಯನ್ನು ನಡೆಸುತ್ತಿದ್ದವರು ಸುಮ್ಮನಿದ್ದರು. ತಪ್ಪು ಅವರದು.

ನೀವು ಬಿಡಿಸಿ ಹೇಳದ ಇನ್ನೊಂದು ನಷ್ಟವೂ ಇದೆ. ದೀಕ್ಷಾ ಬಂದದ್ದು 2017ರಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಶಿಕ್ಷಕರಿಗಾಗಿ ಕೇಂದ್ರ ಸರ್ಕಾರ ನಡೆಸುವ ನಿಷ್ಠಾ ತರಬೇತಿಯೂ ದೀಕ್ಷಾದೊಳಕ್ಕೆ ಹೋಯಿತು. ಅಲ್ಲಿಯವರೆಗೆ ತರಬೇತಿಯೆಂದರೆ ಜಿಲ್ಲೆಯ ತರಬೇತಿ ಸಂಸ್ಥೆಯಾದ ಡಯಟ್‌ಗೋ ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಗೋ ಹೋಗಿ ಪಕ್ಕದ ಊರಿನ ಶಿಕ್ಷಕಿಯ ಜೊತೆ ಕುಳಿತು, ತಿಳಿಯದ್ದನ್ನು ಚಹಾದ ಹೊತ್ತಿನಲ್ಲಿ ಪಿಸುಗುಟ್ಟಿ ಕೇಳಿಕೊಳ್ಳುವುದಾಗಿತ್ತು. ಪರದೆಯ ಮೇಲೆ ಪಿಸುಗುಟ್ಟಲು ಪಕ್ಕದವರೇ ಇಲ್ಲ. ಕೇಳಿದರೆ ಎಲ್ಲರಿಗೂ ಕೇಳಿಸುತ್ತದೆ. ನಿಮ್ಮಂಥ ಎಷ್ಟೋ ಹಿರಿಯ ಶಿಕ್ಷಕರು ಬಾಯಿ ಕಟ್ಟಿಕೊಂಡು ಕುಳಿತಿರುವುದು ದಡ್ಡತನದಿಂದಲ್ಲ, ಪಕ್ಕದ ಜೊತೆ ತಪ್ಪಿದ್ದರಿಂದ.

ನಲಿ-ಕಲಿಯ ಐದು ತಟ್ಟೆಗಳು, ಅಂದರೆ ಬೇಕಾದ ಸಹಾಯಕ್ಕೆ ತಕ್ಕಂತೆ ಮಕ್ಕಳು ಕೂರುವ ಐದು ಗುಂಪುಗಳು, ನಿಮಗೆ ಅಂಗೈಯ ಗೆರೆಯಷ್ಟು ಪರಿಚಿತ. ಶಿಕ್ಷಕರ ಪೂರ್ಣ ಸಹಾಯ, ಭಾಗಶಃ ಸಹಾಯ, ಬಳಿಕ ಸಹಪಾಠಿಯ ಪೂರ್ಣ ಸಹಾಯ, ಭಾಗಶಃ ಸಹಾಯ, ಕೊನೆಗೆ ಸ್ವಕಲಿಕೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯ ಜೀವವೇ ಅದು: ಮಗು ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದಲೇ ಹತ್ತುತ್ತದೆ, ಹಿಂದೆ ಬಿದ್ದಿತೆಂದು ಯಾರೂ ಬೈಯುವುದಿಲ್ಲ. ನಿಮ್ಮ ವಿಷಯದಲ್ಲಿ ಏನಾಗಿದೆ ನೋಡಿ. ತರಬೇತಿಯವರು ನಿಮ್ಮನ್ನು ಎತ್ತಿ ನೇರವಾಗಿ ಐದನೆಯ ತಟ್ಟೆಯಲ್ಲಿ ಕೂರಿಸಿದರು. ಕಿರಿಯ ಸಹೋದ್ಯೋಗಿ, ಒಳ್ಳೆಯ ಮನಸ್ಸಿನಿಂದಲೇ ಇರಬಹುದು, ನಿಮ್ಮನ್ನು ಯಾವ ತಟ್ಟೆಯಲ್ಲೂ ಕೂರಿಸದೆ ನಿಮ್ಮ ಕಾರ್ಡನ್ನು ತಾವೇ ಬರೆದು ಮುಗಿಸುತ್ತಿದ್ದಾರೆ. ಮಗುವಿನ ಕೈಯಿಂದ ಸ್ಲೇಟು ಕಿತ್ತುಕೊಂಡು ನೀವು ಎಂದಾದರೂ ಬರೆದುಕೊಟ್ಟಿದ್ದೀರಾ?

ಅವರಿಗೆ ನೇರವಾಗಿ ಹೇಳಿ: ‘ಸರ್, ಇನ್ನು ಮೇಲೆ ಮಾಡಿಕೊಡಬೇಡಿ, ಹೇಳಿಕೊಡಿ. ಮೌಸ್ ನನ್ನ ಕೈಯಲ್ಲೇ ಇರಲಿ.’ ಅವರು ಕೈ ಹಿಂದೆ ಕಟ್ಟಿಕೊಂಡು ನಿಲ್ಲಲಿ. ಎರಡು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಪ್ರತಿ ಹೆಜ್ಜೆಯನ್ನೂ ನಿಮ್ಮದೇ ಮಾತಿನಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

ಪರದೆ ಹಂಚುವ ಭಯಕ್ಕೆ ಮದ್ದು ಖಾಲಿ ಸಭೆ. ಭಾನುವಾರ ಗೂಗಲ್ ಮೀಟ್‌ನಲ್ಲಿ ನೀವೇ ಒಂದು ಮೀಟಿಂಗ್ ತೆರೆದು, ಅದರ ಲಿಂಕನ್ನು ಯಜಮಾನರ ಮೊಬೈಲಿಗೆ ಕಳಿಸಿ. ಅವರು ಪಕ್ಕದ ಕೋಣೆಗೆ ಹೋಗಿ ಸೇರಿಕೊಳ್ಳಲಿ. ಒಂದೇ ಕೋಣೆಯಲ್ಲಿ ಎರಡೂ ಕಡೆ ಮೈಕ್ ತೆರೆದಿದ್ದರೆ ಕಿವಿಗಡಚಿಕ್ಕುವ ಸದ್ದು ಬರುತ್ತದೆ. ಮೈಕ್ ಮುಚ್ಚಿ, ತೆರೆಯಿರಿ. ಪರದೆ ಹಂಚಿ, ನಿಲ್ಲಿಸಿ. ಅವರಿಗೆ ಅಲ್ಲಿ ಏನು ಕಾಣುತ್ತಿದೆಯೆಂದು ಕೇಳಿ. ಇಲ್ಲಿ ಎಷ್ಟು ಸಲ ತಪ್ಪಿದರೂ ನಗುವವರಿಲ್ಲ. ಅಂದು ಆದದ್ದಕ್ಕೆ ಕಾರಣವೂ ಆಗ ನಿಮಗೇ ತಿಳಿಯುತ್ತದೆ: ಮೊಬೈಲಿನಿಂದ ಇಡೀ ಪರದೆಯನ್ನು ಹಂಚಿದರೆ ಮೇಲಿನಿಂದ ಇಳಿಯುವ ಸಂದೇಶಗಳೂ ಎಲ್ಲರಿಗೂ ಕಾಣುತ್ತವೆ. ಹಂಚುವ ಮುನ್ನ ‘ಡು ನಾಟ್ ಡಿಸ್ಟರ್ಬ್’ ಒತ್ತಬೇಕು. ಶಾಲೆಯ ಕಂಪ್ಯೂಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಅಲ್ಲಿ ಪಾಠಯೋಜನೆಯ ಕಿಟಕಿಯನ್ನು ಮಾತ್ರ ಆರಿಸಿ ತೋರಿಸಬಹುದು. ಇಷ್ಟು ಸಣ್ಣ ವಿಷಯವನ್ನು ಯಾರೂ ನಿಮಗೆ ಮೊದಲೇ ಹೇಳಲಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಪ್ರಮಾಣಪತ್ರದ ನಾಚಿಕೆಯನ್ನು ನಾನು ಸವರಿ ಸಮಾಧಾನ ಹೇಳುವುದಿಲ್ಲ. ಅದು ನಿಮ್ಮೊಳಗಿನ ಶಿಕ್ಷಕಿಯ ಮಾತು. ಹಳೆಯದನ್ನು ಕೆದಕುತ್ತಾ ಕೂರಬೇಡಿ, ಮುಂದಿನ ಕೋರ್ಸನ್ನು ಮಾತ್ರ ನೀವೇ ಮಾಡಿ. ದೀಕ್ಷಾದ ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಬಹುದು. ನೆಟ್‌ವರ್ಕ್ ಸರಿಯಿಲ್ಲದ ಊರಾದರೆ ಪಾಠ ಸಾಮಗ್ರಿಯನ್ನು ಮೊದಲೇ ಇಳಿಸಿಟ್ಟುಕೊಂಡು ಆಮೇಲೆ ತೆರೆಯಬಹುದು. ಕನ್ನಡ ಟೈಪಿಂಗ್ ಕೈಗೆ ಹತ್ತದಿದ್ದರೆ ಮೊಬೈಲ್ ಕೀಲಿಮಣೆಯ ಮೈಕ್ ಗುರುತು ಒತ್ತಿ ಮಾತನಾಡಿ, ಅಕ್ಷರ ತಾನಾಗಿ ಮೂಡುತ್ತದೆ. ವರ್ಷಗಟ್ಟಲೆ ಒತ್ತಕ್ಷರಗಳನ್ನು ಸ್ಪಷ್ಟವಾಗಿ ಹೇಳಿಕೊಟ್ಟ ಬಾಯಿ ನಿಮ್ಮದು.

ನಿಮ್ಮ ಹಿರಿತನ ಇಲ್ಲಿ ಬೇಕಾಗಿರುವುದಕ್ಕೆ ಇನ್ನೊಂದು ಕಾರಣವಿದೆ. ಯಾವ ಮನೆಯಲ್ಲಿ ಒಂದೇ ಮೊಬೈಲ್ ಇದೆ, ಅದು ಅಪ್ಪನ ಜೊತೆ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುತ್ತದೆ ಎಂಬುದು ಮಕ್ಕಳ ಮನೆಮನೆಯನ್ನು ಬಲ್ಲ ನಿಮಗೆ ಗೊತ್ತಿರುತ್ತದೆ. ಅದನ್ನರಿಯದೆ ಕಳಿಸಿದ ವಿಡಿಯೊ ಮಗುವನ್ನು ಮುಟ್ಟುವುದೇ ಇಲ್ಲ.

ಸ್ವಯಂ ನಿವೃತ್ತಿ ನಿಮ್ಮ ಹಕ್ಕು. ಆದರೆ ಆ ಒಂದು ಸಂಜೆಯ ಅವಮಾನದ ಕೈಯಲ್ಲಿ ಅರ್ಜಿ ಬರೆಸಬೇಡಿ. ಬೇಸಿಗೆ ರಜೆಯವರೆಗೆ ಅದನ್ನು ಪಕ್ಕಕ್ಕಿಡಿ. ಏಳು ವರ್ಷವೆಂದರೆ ಒಂದನೇ ತರಗತಿಗೆ ಬಂದ ಮಗು ಏಳನೇ ತರಗತಿ ಮುಗಿಸುವಷ್ಟು ಕಾಲ. ಯಜಮಾನರು ಹೇಳಿದಂತೆ ತಳ್ಳಿಬಿಡುವಂಥದ್ದಲ್ಲ.

ಆದರೆ ಪಾಸ್‌ವರ್ಡ್ ವಿಷಯ ರಜೆಯವರೆಗೆ ಕಾಯಬಾರದು. ಸಹೋದ್ಯೋಗಿ ಎಷ್ಟೇ ಒಳ್ಳೆಯವರಿರಲಿ, ನಿಮ್ಮ ಹೆಸರಿನಲ್ಲಿ ಆಗುವ ಪ್ರತಿ ನಮೂದಿಗೂ ಉತ್ತರ ಕೊಡಬೇಕಾದವರು ನೀವು. ಒಟಿಪಿ ಯಾರಿಗೂ ಹೇಳಬೇಡಿ. ನಾಳೆ ಶಾಲೆ ಬಿಟ್ಟ ಮೇಲೆ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ದಾರಿ ಕೇಳಿ, ಹೊಸ ಪಾಸ್‌ವರ್ಡ್ ಒತ್ತುವಾಗ ಅತ್ತ ತಿರುಗಲು ಹೇಳಿ, ನೀವೇ ಬದಲಾಯಿಸಿ. ನೋಟ್‌ಬುಕ್‌ನ ಮೊದಲ ಪುಟ ಅದರದ್ದಾಗಲಿ. ಹೆಜ್ಜೆಗಳನ್ನು ಬರೆಯಿರಿ, ಪಾಸ್‌ವರ್ಡ್ ಬರೆಯಬೇಡಿ.