ಹಳೆಯ ‘ವಿಯರ್ಡ್ ಟೇಲ್ಸ್’ ಸಂಚಿಕೆಗಳನ್ನು ಬೈಂಡ್ ಮಾಡಿಸಬೇಕೆ, ಮಾರಿಬಿಡಬೇಕೆ?

‘ವಿಯರ್ಡ್ ಟೇಲ್ಸ್’ ಎಂಬ ಹಳೆಯ ಅಮೆರಿಕನ್ ಕತೆ ಪತ್ರಿಕೆಯ ಹನ್ನೊಂದು ಸಂಚಿಕೆಗಳು, ಮುಟ್ಟಿದರೆ ಉದುರುವ ಹಾಳೆಗಳು, ಬೈಂಡ್ ಮಾಡಿಸುವುದೋ ಬೆಲೆ ಇರುವಾಗಲೇ ಮಾರುವುದೋ ಎಂಬ ಗೊಂದಲ. ನಿಮ್ಮ ಪ್ರಶ್ನೆಯನ್ನು ಓದುತ್ತಿದ್ದಂತೆ ಸುಮಾರು ಮೂವತ್ತು ವರ್ಷಗಳ ಹಿಂದಿನ ನಾನೇ ಎದುರು ಕುಳಿತಂತಾಯಿತು. ದಯವಿಟ್ಟು ಬೈಂಡ್ ಮಾಡಿಸಬೇಡಿ. ನಾನು ಮಾಡಿಸಿದ್ದೆ.

1992ರಲ್ಲಿ ಕೆಲಸದ ಮೇಲೆ ಓಹಾಯೋದ ಡೇಟನ್‌ಗೆ ಬಂದಾಗ, ಕಚೇರಿಯ ಹೊರಗೆ ನನಗೆ ಪರಿಚಯವಿದ್ದವನೆಂದರೆ ಹಳೆಯ ಪುಸ್ತಕದ ಅಂಗಡಿಯವನೊಬ್ಬನೇ. ಅವನ ಅಂಗಡಿಯ ಹಿಂಬದಿಯಲ್ಲಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಮೊದಲ ‘ವಿಯರ್ಡ್ ಟೇಲ್ಸ್’ ಸಿಕ್ಕಿತು. 1923ರಿಂದ 1954ರವರೆಗೆ 279 ಸಂಚಿಕೆಗಳನ್ನು ತಂದು ನಿಂತುಹೋದ ಈ ಪತ್ರಿಕೆಯಲ್ಲಿಯೇ ಲವ್‌ಕ್ರಾಫ್ಟ್ ತನ್ನ ಭಯಾನಕ ಕತೆಗಳನ್ನು ಬರೆದದ್ದು, ಮುಂದೆ ದೊಡ್ಡ ನಾಟಕಕಾರನಾದ ಟೆನೆಸೀ ವಿಲಿಯಮ್ಸ್ ಹದಿನೇಳರ ಹುಡುಗನಾಗಿದ್ದಾಗ, 1928ರ ಆಗಸ್ಟ್ ಸಂಚಿಕೆಯಲ್ಲಿ, ಕತೆ ಅಚ್ಚು ಹಾಕಿಸಿಕೊಂಡದ್ದು ಎಂಬುದೆಲ್ಲ ನನಗೆ ಆಮೇಲೆ ತಿಳಿಯಿತು. ಅಂದು ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕಾಗದದ ವಾಸನೆ. ಅಟ್ಟದ ಮೇಲಿನ ಹಳೆಯ ಪಂಚಾಂಗಗಳ ಕಟ್ಟನ್ನು ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆಯೇ ಅದು. ಚಳಿಗಾಲದ ರಾತ್ರಿಗಳಲ್ಲಿ ನಾನು ಕತೆಗಳಿಗಿಂತ ಮೊದಲು ಓದುತ್ತಿದ್ದದ್ದು ‘ದಿ ಐರಿ’ ಎಂಬ ಓದುಗರ ಪತ್ರಗಳ ಅಂಕಣವನ್ನು. ಎಂದೋ ತೀರಿಕೊಂಡಿರಬಹುದಾದ ಜನ ಅಲ್ಲಿ ಯಾವ ಕತೆ ಮೇಲು ಎಂದು ಜಗಳಕ್ಕೆ ನಿಂತಿರುತ್ತಿದ್ದರು.

ನಾಲ್ಕು ವರ್ಷ ಒಂದೊಂದಾಗಿ ಕೊಂಡು 1933ರ ಹನ್ನೆರಡೂ ಸಂಚಿಕೆಗಳನ್ನು ಕೂಡಿಸಿದೆ. ಎಲ್ಲವೂ ಬೆನ್ನು ಹರಿದ, ಅಂಚು ನುಚ್ಚಾದ ಪ್ರತಿಗಳು. ಹಾಗಿದ್ದುದರಿಂದಲೇ ನನ್ನ ಕೈಗೆ ಎಟುಕಿದ್ದವು. ಆ ವರ್ಷದ ಜೂನ್‌ನಿಂದ ಡಿಸೆಂಬರ್‌ವರೆಗಿನ ಏಳೂ ಮುಖಪುಟಗಳು ಮಾರ್ಗರೆಟ್ ಬ್ರಂಡೇಜ್ ಎಂಬ ಶಿಕಾಗೋದ ಕಲಾವಿದೆಯವು. ಕೈ ತಾಗಿದರೆ ಅಳಿಸಿಹೋಗುವ ಪ್ಯಾಸ್ಟೆಲ್‌ನಲ್ಲಿ ಆಕೆ ಚಿತ್ರ ಬರೆಯುತ್ತಿದ್ದರು. ಅಕ್ಟೋಬರ್ ಸಂಚಿಕೆಯ ಮೇಲೆ ಬಾವಲಿಯ ಮುಖವಾಡ ತೊಟ್ಟ ಹೆಣ್ಣೊಬ್ಬಳಿದ್ದಾಳೆ. ಇಡೀ ಪತ್ರಿಕೆಯ ಅತ್ಯಂತ ಪ್ರಸಿದ್ಧ ಮುಖಪುಟ ಅದೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮ ಅಮ್ಮ ವಾರಪತ್ರಿಕೆಗಳ ಧಾರಾವಾಹಿಗಳನ್ನು ವಾರವಾರವೂ ಕಿತ್ತು, ಜಾಹೀರಾತಿನ ಹಾಳೆಗಳನ್ನು ಬೇರ್ಪಡಿಸಿ, ದಾರ ಕಟ್ಟಿಟ್ಟು, ಕತೆ ಮುಗಿದ ಮೇಲೆ ಶಿವಮೊಗ್ಗದ ಬೈಂಡರ್‌ಗೆ ಕೊಡುತ್ತಿದ್ದರು. ಪತ್ರಿಕೆಯನ್ನು ಪ್ರೀತಿಸುವುದೆಂದರೆ ಬೈಂಡ್ ಮಾಡಿಸುವುದು ಎಂದೇ ನಾನು ಬೆಳೆದೆ. 1997ರಲ್ಲಿ ರಜೆಗೆ ಊರಿಗೆ ಹೋದಾಗ ಆ ಹನ್ನೆರಡನ್ನೂ ಸೂಟ್‌ಕೇಸಿನಲ್ಲಿ ಒಯ್ದು, ಅದೇ ಬೈಂಡರ್ ಮುಂದಿಟ್ಟು, ‘ಚೆನ್ನಾಗಿ ಮಾಡಿಕೊಡಿ’ ಎಂದಷ್ಟೇ ಹೇಳಿ ಬಂದೆ. ಮುಖಪುಟಗಳನ್ನು ಉಳಿಸಿ, ಅಂಚು ಕತ್ತರಿಸಬೇಡಿ, ಜಾಹೀರಾತು ತೆಗೆಯಬೇಡಿ ಎಂಬ ಮೂರು ಮಾತುಗಳಲ್ಲಿ ಒಂದನ್ನೂ ಆಡಲಿಲ್ಲ, ಏಕೆಂದರೆ ಅವು ಆಡಬೇಕಾದ ಮಾತುಗಳೆಂದು ನನಗೇ ಗೊತ್ತಿರಲಿಲ್ಲ. ಅವರು ನಲವತ್ತು ವರ್ಷದಿಂದ ಮಾಡಿಕೊಂಡು ಬಂದದ್ದನ್ನೇ ಶ್ರದ್ಧೆಯಿಂದ ಮಾಡಿದರು. ಮೂರು ಬದಿಯನ್ನೂ ಮಷೀನಿಗೆ ಕೊಟ್ಟು ಸಮ ಮಾಡಿ, ಮೈಲುತುತ್ತ ಬೆರೆಸಿದ ಮೈದಾ ಅಂಟು ಹಚ್ಚಿ, ಕರಿಯ ಕ್ಯಾಲಿಕೋ ಬಟ್ಟೆ ಹೊದಿಸಿ ನನ್ನ ಕೈಗಿತ್ತು, ‘ಹರಿದಿದ್ದ ಬಣ್ಣದ ಹಾಳೆಗಳನ್ನೆಲ್ಲ ತೆಗೆದುಬಿಟ್ಟೆ ಸಾರ್, ಈಗ ನೋಡಿ ಎಷ್ಟು ಲಕ್ಷಣವಾಗಿದೆ’ ಎಂದರು. ನಾನು ಖುಷಿಯಿಂದಲೇ ದುಡ್ಡು ಕೊಟ್ಟು ಬಂದೆ.

ಪಲ್ಪ್‌ಕಾನ್ ಎಂಬ, ಇಂಥ ಹಳೆಯ ಪತ್ರಿಕೆಗಳ ಸಂಗ್ರಾಹಕರ ಸಮಾವೇಶಕ್ಕೆ ಆ ಸಂಪುಟವನ್ನು ಹೆಮ್ಮೆಯಿಂದ ಒಯ್ದಾಗ, ವಯಸ್ಸಾದ ವ್ಯಾಪಾರಿಯೊಬ್ಬರು ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿ, ಮೆಲ್ಲಗೆ ಮುಚ್ಚಿ, ‘ಮುಖಪುಟಗಳೆಲ್ಲಿ?’ ಎಂದು ಕೇಳಿದರು. ಈ ಪತ್ರಿಕೆಗಳ ಮುಖಪುಟ ಒಳಹಾಳೆಗಳಿಗಿಂತ ತುಸು ಹೊರಚಾಚಿಕೊಂಡಿರುತ್ತದೆ. ಆ ಚಾಚು ಉಳಿದ ಪ್ರತಿಗೆ ಸಂಗ್ರಾಹಕರಲ್ಲಿ ಇರುವ ಮರ್ಯಾದೆಯೇ ಬೇರೆ ಎಂಬುದನ್ನು ಅಂದು ಅವರಿಂದ ಕಲಿತೆ. ಹೋಗಲಿ, ಓದುವುದಕ್ಕಾದರೂ ಆಯಿತೇ ಎಂದರೆ, ಅದೂ ಇಲ್ಲ. ಮರವನ್ನು ಅರೆದು ಮಾಡಿದ ಅಗ್ಗದ ಕಾಗದ ಅದು. ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ ಕಂದುತ್ತದೆ, ಆಮ್ಲ ನಾರನ್ನು ತುಂಡರಿಸುತ್ತಾ ಹೋಗುತ್ತದೆ. ಅಂಥ ಹಾಳೆಯನ್ನು ಬಿಗಿಯಾಗಿ ಹೊಲಿದಿದ್ದರಿಂದ ಪ್ರತಿಯೊಂದು ಮಗುಚುವಿಕೆಗೂ ಬೆನ್ನಿನ ಬಳಿ ಹಪ್ಪಳದಂತೆ ಮುರಿಯತೊಡಗಿತು.

ಬೈಂಡಿನ ಬದಲು ಲ್ಯಾಮಿನೇಶನ್ ಮಾಡಿಸೋಣವೇ ಎಂದರೆ, ಅದು ಇನ್ನೂ ಕೆಟ್ಟದ್ದು, ಒಮ್ಮೆ ಮಾಡಿದರೆ ಬಿಡಿಸಲಾಗದು. ಸೆಲೋಟೇಪಿನ ಅಂಟು ಕಾಲ ಕಳೆದಂತೆ ಕಂದು ಕಲೆಯಾಗಿ ಕೂರುತ್ತದೆ. ಒಂದೊಂದು ಸಂಚಿಕೆಯನ್ನೂ ಮೈಲಾರ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಚೀಲದಲ್ಲಿಟ್ಟು, ಹಿಂದೆ ಆಮ್ಲರಹಿತ ರಟ್ಟು ಕೊಟ್ಟು, ನೀವು ಮಲಗುವ ಕೋಣೆಯ ಕಪಾಟಿನಲ್ಲಿಡಿ. ಅಮೆರಿಕದ ಮನೆಗಳ ಅಟ್ಟ ಬೇಸಿಗೆಯಲ್ಲಿ ಕಾದು ಬಿಸಿಯಾಗುತ್ತದೆ, ನೆಲಮಾಳಿಗೆ ತೇವ ಹಿಡಿಯುತ್ತದೆ. ಕತೆ ಓದಲು ಅಂತರ್ಜಾಲದಲ್ಲಿ ಸ್ಕ್ಯಾನ್ ಪ್ರತಿಗಳಿವೆ.

ಇನ್ನು ಮಾರುವ ವಿಚಾರ. ಬೆಲೆ ಏರುತ್ತದೆಯೋ ಇಳಿಯುತ್ತದೆಯೋ ಎಂದು ಲೆಕ್ಕ ಹಾಕುವುದಕ್ಕೆ ಬೇರೆ ಕಾಗದಗಳು ಬೇಕಾದಷ್ಟಿವೆ, ಅವುಗಳ ಹೆಸರು ಷೇರು. ಒಂದನ್ನಾದರೂ ಕುಳಿತು ಓದದೆ ಮಾರುವ ಮಾತನ್ನು ನನ್ನ ಬಳಿ ಆಡಬೇಡಿ.

ಅಂದಹಾಗೆ, ನಿಮ್ಮ ಹನ್ನೊಂದು ಯಾವ ಯಾವ ತಿಂಗಳಿನವು ಎಂದು ನೀವು ಬರೆದಿಲ್ಲ. 1933ರ ಅಕ್ಟೋಬರ್ ಇದ್ದರೆ, ಮುಖಪುಟದ ಒಂದು ಫೋಟೋ ಹಾಕಿ.