ಬೋರ್‌ವೆಲ್ ನೀರಿನಿಂದ ಸೋಲಾರ್ ಹೀಟರ್ ಟ್ಯಾಂಕ್ ಮತ್ತು ಪ್ರೆಶರ್ ಪಂಪ್ ಪದೇ ಪದೇ ಕೆಡುತ್ತಿವೆ, ಏನು ಮಾಡಬೇಕು?

ನಾಲ್ಕೇ ವರ್ಷಕ್ಕೆ ಸೋಲಾರ್ ಟ್ಯಾಂಕ್ ಸೋರಿತು, ಬಿಸಿನೀರಿನ ಪ್ರೆಶರ್ ಪಂಪ್ ಎರಡು ಸಲ ಕೆಟ್ಟಿತು, ಈ ಸಲ ಯಾವ ಕಂಪನಿಯದ್ದನ್ನು ಕೊಳ್ಳಲಿ ಎಂದು ಕೇಳಿದ್ದೀರಿ. ಕಂಪನಿ ಬದಲಿಸುವ ಮೊದಲು ದಯವಿಟ್ಟು ನೀರನ್ನು ಪರೀಕ್ಷೆ ಮಾಡಿಸಿ. ಬೆಂಗಳೂರಿನ ಬನಶಂಕರಿಯ ನಮ್ಮ ಮನೆಯಲ್ಲಿಯೂ ಇದೇ ತೊಂದರೆಯಾಗಿತ್ತು, ಮತ್ತು ಎರಡಕ್ಕೂ ಮೂಲ ಬೋರ್‌ವೆಲ್ ನೀರೇ ಆಗಿತ್ತು.

ವರದಿಯಲ್ಲಿ ಗಡಸುತನ (ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು) ಮತ್ತು ಕ್ಲೋರೈಡ್ (ಉಪ್ಪಿನಂಶ) ಎರಡನ್ನೂ ನೋಡಿ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500, ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೆ ಮಿತಿ ಹಾಕಿದೆ. ಆದರೆ ಕುಡಿಯಲು ಅಡ್ಡಿಯಿಲ್ಲದ ನೀರು ಟ್ಯಾಂಕಿಗೂ ಅಡ್ಡಿಯಿಲ್ಲ ಎಂದು ತಿಳಿಯಬಾರದು. ಗಡಸು ನೀರು ಕಾದಂತೆಲ್ಲ ಸುಣ್ಣದಂಥ ಪದರ ಕಟ್ಟುತ್ತದೆ. ಕ್ಲೋರೈಡ್ ಹೆಚ್ಚಿದ್ದರೆ ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಬೆಸುಗೆಯ ಬಳಿ ಸೂಜಿಮೊನೆಯಷ್ಟು ತೂತು ಬೀಳಬಹುದು. ಸಾಫ್ಟ್‌ನರ್ ಗಡಸುತನವನ್ನಷ್ಟೇ ತೆಗೆಯುತ್ತದೆ, ಕ್ಲೋರೈಡನ್ನು ತೆಗೆಯುವುದಿಲ್ಲ.

ನಮ್ಮದು ಒಳಗೆ ಗಾಜಿನ ಲೇಪವಿರುವ ಉಕ್ಕಿನ ಟ್ಯಾಂಕ್. ಇಂಥದ್ದರಲ್ಲಿ ಮೆಗ್ನೀಸಿಯಂ ಆನೋಡ್ ರಾಡ್ ಇರುತ್ತದೆ. ಲೇಪ ಎಲ್ಲಾದರೂ ಬಿರುಕು ಬಿಟ್ಟರೆ ಉಕ್ಕಿನ ಬದಲು ಈ ರಾಡ್ ಸವೆದು ಟ್ಯಾಂಕನ್ನು ಕಾಪಾಡುತ್ತದೆ. ಹೀಟರ್ ಅಳವಡಿಸಿದವರು ಇದರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ. ಮೂರನೆಯ ವರ್ಷ ಬಿಚ್ಚಿಸಿ ನೋಡಿದಾಗ, ಹೆಬ್ಬೆರಳು ದಪ್ಪದ ರಾಡ್ ಇರಬೇಕಾದಲ್ಲಿ ನಡುವಿನ ಕಬ್ಬಿಣದ ತಂತಿ ಮತ್ತು ಅದಕ್ಕೆ ಅಂಟಿದ, ಮುಟ್ಟಿದರೆ ಉದುರುವ ಬೂದುಬಣ್ಣದ ಗಂಟುಗಳು ಮಾತ್ರ ಉಳಿದಿದ್ದವು. ಟ್ಯಾಂಕ್ ಆಗಲೇ ಜಿನುಗತೊಡಗಿತ್ತು. ಆದ್ದರಿಂದ ರಾಡನ್ನು ವರ್ಷಕ್ಕೊಮ್ಮೆ ತಪ್ಪದೆ ನೋಡಿಸಿ. ಸಾಫ್ಟ್‌ನರ್ ಹಾಕಿಸಿದ ಮೇಲೆ ಅದು ಇನ್ನೂ ಬೇಗ ಸವೆಯಬಹುದು. ಅದೇ ದಿನ ಕೆಳಗಿನ ಡ್ರೈನ್ ತೆರೆದು ಮಡ್ಡಿಯನ್ನೂ ಹೊರಬಿಡಿಸಿ.

ಪಂಪಿನ ವಿಷಯದಲ್ಲಿ ಮೊದಲು ಅದು ಕೂತಿರುವ ಜಾಗವನ್ನು ನೋಡಬೇಕು. ನಿಮ್ಮ ಸೋಲಾರ್ ಟ್ಯಾಂಕಿಗೆ ಏರ್ ವೆಂಟ್ ಪೈಪ್ (ಗಾಳಿ, ಆವಿ ಹೊರಹೋಗುವ ತೆರೆದ ಕೊಳವೆ) ಇದ್ದರೆ ಅದು ಒತ್ತಡವನ್ನು ತಾಳಬಲ್ಲ ಟ್ಯಾಂಕ್ ಅಲ್ಲ. ಅದಕ್ಕೆ ತಣ್ಣೀರು ಒಳಹೋಗುವ ಕಡೆ ಪ್ರೆಶರ್ ಪಂಪ್ ಕೂಡಿಸಲೇಬಾರದು. ಬಿಸಿನೀರು ಹೊರಬರುವ ಕಡೆ ಕೂಡಿಸುವುದಾದರೆ ಬಿಸಿನೀರಿಗೆಂದೇ ತಯಾರಾದ ಪಂಪ್ ಬೇಕು, ಮತ್ತು ಅದು ಟ್ಯಾಂಕಿಗಿಂತ ಸಾಕಷ್ಟು ಕೆಳಗಿರಬೇಕು. ಇಲ್ಲದಿದ್ದರೆ ಬೇಸಿಗೆಯ ಮಧ್ಯಾಹ್ನ ಕುದಿಯುವಷ್ಟು ಕಾದ ನೀರು ಪಂಪಿನೊಳಗೇ ಆವಿಯ ಗುಳ್ಳೆಯಾಗಿ, ನೀರನ್ನು ತಳ್ಳುವ ತಿರುಗುಚಕ್ರವಾದ ಇಂಪೆಲ್ಲರನ್ನು ಕೊರೆಯುತ್ತದೆ. ಓವರ್‌ಹೆಡ್ ಟ್ಯಾಂಕ್ ಖಾಲಿಯಾದಾಗ ತಾನಾಗಿ ನಿಲ್ಲುವ ಡ್ರೈ ರನ್ ರಕ್ಷಣೆಯೂ ಇರಲಿ, ಏಕೆಂದರೆ ಪಂಪಿನ ಸೀಲನ್ನು ತಂಪಾಗಿಡುವುದು ಅದೇ ನೀರು. ನಮ್ಮ ಪಂಪಿನ ಸೀಲಿನ ಮೇಲೆ ಗಡಸು ನೀರಿನ ಬಿಳಿ ಚಕ್ಕೆಗಳು ಗೀರಿದ ಉಂಗುರದಂಥ ಗುರುತುಗಳಿದ್ದವು. ನಲ್ಲಿಗಳೆಲ್ಲ ಮುಚ್ಚಿದ್ದರೂ ಪಂಪ್ ಆಗಾಗ ಓಡಿ ನಿಂತರೆ, ಎಲ್ಲೋ ಸೋರಿಕೆಯಿದೆ ಅಥವಾ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಿಡಿಯುತ್ತಿಲ್ಲ ಎಂದರ್ಥ.

ಬೋರ್‌ವೆಲ್ಲಿನಷ್ಟು ಗಡಸಲ್ಲದ ಕಾವೇರಿ ನೀರಿನ ನಲ್ಲಿ ಸಂಪರ್ಕವಿದ್ದರೆ ಇನ್ನೊಂದು ದಾರಿಯಿದೆ. ತಾರಸಿಯಲ್ಲಿ ಕಾವೇರಿಗೂ ಬೋರ್‌ವೆಲ್ಲಿಗೂ ಬೇರೆ ಬೇರೆ ಟ್ಯಾಂಕ್ ಇರುವ ಮನೆಗಳಲ್ಲಿ ಸೋಲಾರಿಗೆ ಬೋರ್‌ವೆಲ್ ನೀರನ್ನೇ ಕೊಟ್ಟಿರುವುದನ್ನು ಹಲವು ಕಡೆ ಕಂಡಿದ್ದೇನೆ. ನಾವು ಹೊಸ ಟ್ಯಾಂಕ್ ಕೂಡಿಸುವಾಗ ಆ ಒಂದು ಪೈಪನ್ನು ಕಾವೇರಿ ಟ್ಯಾಂಕಿಗೆ ಬದಲಿಸಿದೆವು. ಬೋರ್‌ವೆಲ್ ನೀರು ಈಗ ಫ್ಲಶ್‌ಗೆ ಮತ್ತು ಗಿಡಗಳಿಗೆ ಮಾತ್ರ ಹೋಗುತ್ತದೆ.