ಪೆನ್ಶನ್ ಬಂದ ಮೇಲೆ ಪುಣೆಯಾ, ಊರಾ?

ಹವಾಲ್ದಾರರೇ, 24 ವರ್ಷ ಮುಗಿಸಿ ಮುಂದಿನ ವರ್ಷ ಫೌಜಿನಿಂದ ಪೆನ್ಶನ್ ಮೇಲೆ ಬರುತ್ತೀರಿ. ಪುಣೆಯಲ್ಲೇ ಸೆಕ್ಯುರಿಟಿ ಕೆಲಸ ಹಿಡಿಯಲಾ, ಬೆಳಗಾವಿ ಕಡೆ ಊರಿಗೆ ಹೋಗಿ ಮನೆ ಕಟ್ಟಲಾ ಅಂತ ಕೇಳಿದ್ದೀರಿ. 2016ರಲ್ಲಿ ಪುಣೆಯ ಖಡಕಿ ಕಂಟೋನ್ಮೆಂಟಿನಲ್ಲಿ ನಾನೂ ಇದನ್ನೇ ಸಿಕ್ಕಸಿಕ್ಕವರ ಹತ್ತಿರ ಕೇಳುತ್ತಿದ್ದೆ.

28 ವರ್ಷ ಸರ್ವಿಸ್ ಮುಗಿಸಿ, ಸುಬೇದಾರ್ ಆಗಿ ಪೆನ್ಶನ್ ಮೇಲೆ ಬಂದೆ. ಪೆನ್ಶನ್ ಪೇಪರ್ ತುಂಬುವ ದಿನ ಕ್ಲರ್ಕ್ ಕಮ್ಯುಟೇಶನ್ ಕಾಲಂ ತೋರಿಸಿ, "ಸಾಬ್, ಸಬ್ ಪಚಾಸ್ ಹೀ ಲಿಖತೇ ಹೈಂ" ಅಂದ, ಎಲ್ಲರೂ ಐವತ್ತೇ ಬರೆಯೋದು ಅಂತ. ಬರೆದೆ. ಮುಂದಿದ್ದ ಚಹಾ ಇನ್ನೂ ಆರಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ. ಕಮ್ಯೂಟ್ ಅಂದರೆ ಪೆನ್ಶನ್ನಿನ ಒಂದು ಪಾಲನ್ನು ಬಿಟ್ಟುಕೊಟ್ಟು ಇಡಿಗಂಟು ತೆಗೆದುಕೊಳ್ಳೋದು. ಸಿವಿಲ್ ನೌಕರರಿಗೆ 40% ತನಕ, ಫೌಜಿನವರಿಗೆ 50% ತನಕ. ಮೂಲ ಪೆನ್ಶನ್ 24,000 ಅಂದುಕೊಳ್ಳಿ. ತಿಂಗಳಿಗೆ 12,000 ಕಡಿತ. ಒಂದೆರಡು ವರ್ಷ ಅಲ್ಲ, 15 ವರ್ಷ! ಡಿಎ, ಅಂದರೆ ತುಟ್ಟಿಭತ್ಯೆ, ಮಾತ್ರ ಪೂರ್ತಿ ಮೂಲ ಪೆನ್ಶನ್ ಮೇಲೆ ಸಿಗುತ್ತದೆ, ಅದೊಂದು ಪುಣ್ಯ. ಆದರೆ 50 ಅನ್ನೋದು ಮಿತಿ, ಹುಕುಂ ಅಲ್ಲ. 20 ಬರೆಯಬಹುದು, ಏನೂ ಬರೆಯದೆಯೂ ಇರಬಹುದು. ಅವತ್ತೇ ಬರೆಯಬೇಕು ಅಂತಲೂ ಇಲ್ಲ. ನಿವೃತ್ತಿಯಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಿದರೂ ಮೆಡಿಕಲ್ ಪರೀಕ್ಷೆ ಕೇಳೋದಿಲ್ಲ. ಹುಡುಗರ ರಜೆ ಅರ್ಜಿಯನ್ನು ಎರಡೆರಡು ಸಲ ಓದಿ ಸಹಿ ಹಾಕುತ್ತಿದ್ದ ನಾನು, ನನ್ನ ಪೇಪರ್ ಒಂದು ಸಲವೂ ಓದಲಿಲ್ಲ.

ಗಂಟು ಎಲ್ಲಿ ಹೋಯಿತು? ಬೈಲಹೊಂಗಲದ ಹತ್ತಿರ ನಮ್ಮೂರಲ್ಲಿ ಮಹಡಿ ಮನೆ. "ಸುಬೇದಾರ್ರ ಮನಿ" ಅನ್ನಿಸಿಕೊಳ್ಳೋ ಆಸೆ, ಇನ್ನೇನು. ಮಗಳು ಆಗ ಪುಣೆಯಲ್ಲಿ 9ನೇ ಕ್ಲಾಸ್. ಊರಿಗೆ ಬರೋದೇ ಇಲ್ಲ ಅಂತ ಪಾಯ ಹಾಕೋ ಮೊದಲೇ ಹೇಳಿದ್ದಳು. ಈಗ ಮಹಡಿಗೆ ಬೀಗ, ಕೆಳಗೆ ತಮ್ಮನ ಗೋವಿನಜೋಳದ ಚೀಲ. ನಾವು ಪುಣೆಯ ವಿಶ್ರಾಂತವಾಡಿಯಲ್ಲಿ ಬಾಡಿಗೆಗೆ. ಕೈಗೆ ಬರುವ ಪೆನ್ಶನ್ ಬಾಡಿಗೆ, ಫೀಸಿಗೆ ಸಾಲದೆ ಹಿಂಜವಡಿಯಲ್ಲಿ ಒಂದು ಗೇಟಿನ ಸೆಕ್ಯುರಿಟಿ ಸೂಪರ್‌ವೈಸರ್ ಆದೆ. 12 ಗಂಟೆ ಡ್ಯೂಟಿ.

ರ‍್ಯಾಂಕಿಗೆ ಹೊರಗೆ ಮರ್ಯಾದೆ ಇರುತ್ತಾ ಅಂತಲೂ ಕೇಳಿದ್ದೀರಿ. ಮೊದಲ ದಿನವೇ ಬೈಕ್ ಮೇಲೆ ಬಂದ ಹುಡುಗನೊಬ್ಬ "ಕಾಕಾ, ಗೇಟ್ ಉಘಡಾ" ಅಂದ, ಗೇಟ್ ತೆಗೀರಿ ಅಂತ. ರಾತ್ರಿ ಊಟ ಸೇರಲಿಲ್ಲ. ಒಂದು ವಾರದಲ್ಲಿ ರೂಢಿಯಾಯಿತು. ಅವನೇ ಈಗ ದೀಪಾವಳಿಗೆ ಚಕ್ಲಿ ತಂದುಕೊಡುತ್ತಾನೆ.

ಹಾಗಾಗಿ ಪುಣೆಯಾ ಊರಾ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಮಕ್ಕಳ ಓದು ಮುಗಿಯೋ ತನಕ ಅವರು ಎಲ್ಲಿ ಓದುತ್ತಾರೋ ಅಲ್ಲಿರಿ. ಅದರಲ್ಲಿ ಯೋಚನೆ ಮಾಡೋಕೆ ಏನಿದೆ? ಮನೆ ಈಗ ಬೇಡವೇ ಬೇಡ. ಹೆಂಡತಿಯನ್ನು ಪಕ್ಕ ಕೂರಿಸಿಕೊಂಡು ತಿಂಗಳ ಖರ್ಚು ಬರೆಯಿರಿ, ಆಮೇಲೆ ಆ ಕಾಲಂ ತುಂಬಿ. ಹೊರಡುವ ಮುಂಚೆ ಹೊರಗಿನ ಕೆಲಸಕ್ಕೆ ತಯಾರು ಮಾಡುವ ರೀಸೆಟಲ್‌ಮೆಂಟ್ ಕೋರ್ಸನ್ನು ರಜೆ ಅಂದುಕೊಳ್ಳಬೇಡಿ. ನಾನು ಆ ದಿನಗಳನ್ನು ಮನೆಯ ನಕ್ಷೆ ಹಿಡಿದು ಓಡಾಡುತ್ತಾ ಕಳೆದೆ.

ನನ್ನ ಕಡಿತ 2031ಕ್ಕೆ ಮುಗಿಯುತ್ತದೆ. ಊರಿನ ಮನೆಯ ಕರೆಂಟ್ ಬಿಲ್ ಮಾತ್ರ ಪ್ರತಿ ತಿಂಗಳು ನನ್ನ ಫೋನಿಗೇ ಬರುತ್ತದೆ.